ಎರಡನೆಯ ಗುಂಡು

ನವೆಂಬರ್ ೩, ಸೋಮವಾರ

ಒಂಬತ್ತು ದಿನದಿಂದ ಕುಂಕುಮದ ಭರಣಿ ಮುಟ್ಟಿಲ್ಲ. ಪರದೇಶದ ಈ ಊರಿನ ಸೌತ್ ಬಿ ಬಡಾವಣೆಯ ಫ್ಲಾಟಿನಲ್ಲಿ ದೇವರ ಮನೆ ಎಂದರೆ ಅಡುಗೆ ಮನೆಯ ಒಂದು ಕಪಾಟು. ಬೆಳಿಗ್ಗೆ ಬಾಗಿಲು ತೆರೆದು, ದೀಪ ಹಚ್ಚಿ, ಭರಣಿಯ ಕಡೆ ನೋಡದೆ ಮುಚ್ಚಿಬಿಡುತ್ತೇನೆ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಹೇಳಬೇಕಲ್ಲ, ಅದಕ್ಕೆ ನಿಕಿತಾಳ ಹಳೆಯ ಶಾಲೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಇವರಿಗೆ ನಾನು ಬರೆದದ್ದನ್ನು ಓದುವ ವ್ಯವಧಾನವಿಲ್ಲ. ಇದಕ್ಕಿಂತ ಭದ್ರವಾದ ಬೀಗ ಎಲ್ಲಿ ಸಿಕ್ಕೀತು!

ಆದದ್ದನ್ನು ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ. ಇವರು ಔಷಧಿ ಕಾರ್ಖಾನೆಯ ಮೆಂಟೆನೆನ್ಸ್ ಮ್ಯಾನೇಜರ್ ಆಗಿದ್ದುಕೊಂಡೇ ಆರು ವರ್ಷದ ಹಿಂದೆ ಒಂದು ಸಣ್ಣ ಸಫಾರಿ ಕಂಪನಿ ಶುರು ಮಾಡಿದರು. ಲೈಕಿಪಿಯದ ಕಾಡಿನಲ್ಲಿ ಪ್ರವಾಸಿಗಳನ್ನು ಜೀಪಿನಿಂದ ಇಳಿಸಿ ಕಾಲ್ನಡಿಗೆಯಲ್ಲಿ ಕರೆದೊಯ್ಯುವುದು ನಮ್ಮ ಕೆಲಸ. ಬುಕಿಂಗ್ ನನ್ನದು, ಕಾಡು ನಮ್ಮ ಗೈಡ್ ಕಿಲೊಂಜೊನದು. ಟಾಂಜಾನಿಯಾದ ಪಕ್ಕದ ಈ ದೇಶದಲ್ಲಿ ಬೇಟೆ ನಿಂತು ಐವತ್ತು ವರ್ಷವಾಗುತ್ತ ಬಂತು. ಆದರೂ ಜನರನ್ನು ನಡೆಸಿಕೊಂಡು ಹೋಗುವ ಗೈಡ್‌ನ ಹೆಗಲಲ್ಲಿ ಆನೆ, ಕಾಡೆಮ್ಮೆಗಳನ್ನು ಬೇಟೆಯಾಡುವಂಥ ಭಾರೀ ಕೋವಿಯೇ ಇರಬೇಕು.

ಅಕ್ಟೋಬರ್ ೨೫ರ ಬೆಳಿಗ್ಗೆ ಪೊದೆಯಿಂದ ಒಂದು ಒಂಟಿ ಕೋಣ ನುಗ್ಗಿ ಬಂತು. ಕಿಲೊಂಜೊ ಹೊಡೆದ. ಗುಂಡು ತಾಗಿದರೂ ಅದು ನಿಲ್ಲಲಿಲ್ಲ. ಇನ್ನೊಂದು ಹೊಡೆಯಲು, ತೋಟಾ ಹೊರಹಾಕುವ ಬೋಲ್ಟ್ ಎಳೆದರೆ ಖಾಲಿ ತೋಟಾ ಒಳಗೇ ಕಚ್ಚಿಕೊಂಡು ಕೂತಿತ್ತು. ಎರಡನೆಯ ಗುಂಡು ಹಾರಲೇ ಇಲ್ಲ. ಅವನು ಇಬ್ಬರು ಪ್ರವಾಸಿಗಳನ್ನು ಬಂಡೆಯ ಮೇಲಕ್ಕೆ ತಳ್ಳಿ ತಾನು ಕೆಳಗೆ ಉಳಿದ. ಕೋಣ ತುಳಿದ ಅವನ ಬಲಗಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ಕತ್ತರಿಸಿ ತೆಗೆದಿದ್ದಾರೆ.

ತೋಟಾ ಕಚ್ಚಿಕೊಂಡದ್ದು ನನ್ನಿಂದ. ಅಕ್ಟೋಬರ್ ಒಂದರ ಆಯುಧ ಪೂಜೆಯ ದಿನ ಇವರು ಕೋವಿಯನ್ನು ಕಾರ್ಖಾನೆಗೆ ತಂದು ಲೇತ್, ಫೋರ್ಕ್‌ಲಿಫ್ಟ್‌ಗಳ ಸಾಲಿನಲ್ಲಿ ಮಣೆಯ ಮೇಲೆ ಇಟ್ಟಿದ್ದರು. ಗಂಧ, ಅರಿಶಿನ, ಕುಂಕುಮ ಹಚ್ಚಿದವಳು ನಾನು. ನಳಿಗೆಗೆ ಹಚ್ಚಿದ್ದು ಸಾಲದೆಂದು ಬೋಲ್ಟಿಗೂ ಹಚ್ಚಿದೆ. ಅದು ಒಳಗಿಳಿದು ಗಟ್ಟಿಯಾಗಿ ತೋಟಾವನ್ನು ಹಿಡಿದುಕೊಂಡಿತಂತೆ, ಆವತ್ತೇ ಇವರು ಅಂದರು. ಮೊನ್ನೆ ಊಟದ ನಡುವೆ ಮೆಲ್ಲಗೆ ಸಮಾಧಾನವನ್ನೂ ಹೇಳಿದರು.

"ನೀನು ಬೇಕೂಂತ ಮಾಡಿದ್ದಲ್ಲ ಬಿಡೇ ಚಂಪಾ. ಭಕ್ತಿಯಿಂದ ಮಾಡಿದ್ದು."

ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಮಾಧಾನವನ್ನು ತಡೆಯಲಾಗುತ್ತಿಲ್ಲ.

ನವೆಂಬರ್ ೫, ಬುಧವಾರ

ಕಾಡಿನ ಆಡಳಿತದವರು ಮೂವರ ಸಮಿತಿ ಮಾಡಿದ್ದಾರೆ. ಡಿಸೆಂಬರ್ ಹತ್ತಕ್ಕೆ ಲಂಗಾಟಾದಲ್ಲಿ ವಿಚಾರಣೆ. ನನ್ನ ಹೇಳಿಕೆಯೂ ಬೇಕಂತೆ. ಇವರು ಲ್ಯಾಪ್‌ಟಾಪ್ ಮುಂದೆ ಕೂತು ಟೈಪ್ ಮಾಡಿದರು, ನಾನು ಪಕ್ಕದಲ್ಲಿ ಕೂತೆ. "ಉಮಾಶಂಕರ್ ಅವರ ಪತ್ನಿ ಚಂಪಾ ಆದ ನಾನು" ಎಂದು ಶುರುವಾಯಿತು. ಪೂಜೆ, ಗಂಧ, ಕುಂಕುಮ ಎಲ್ಲ ನಿಜವೇ. ಕೊನೆಗೆ ಒಂದು ಸಾಲು ಬಂತು: ಕೋವಿಯನ್ನು ಸ್ವಚ್ಛ ಮಾಡಿಯೇ ಕಾಡಿಗೆ ಒಯ್ಯಬೇಕೆಂದು ಗೈಡ್‌ಗೆ ನಾನೇ ಹೇಳಿದ್ದೆ.

"ಹೇಳಿದ್ನಾ ರೀ? ನನಗೆ ನೆನಪೇ ಇಲ್ಲ."

"ಹೇಳ್ದೆ ಕಣೇ. ನಾನೇ ಕೇಳಿಸ್ಕೊಂಡೆ. ಪ್ರಸಾದದ ತಟ್ಟೆ ಕೈಲಿತ್ತು ನಿಂಗೆ, ಆಗ."

ಪ್ರಸಾದದ ತಟ್ಟೆ ನನ್ನ ಕೈಯಲ್ಲಿ ಇದ್ದದ್ದು ನಿಜ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಚಾವಿ, ಚಶ್ಮಾ, ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೇನೆ ಎಂದು ನನಗಿಂತ ಚೆನ್ನಾಗಿ ಇವರಿಗೇ ಗೊತ್ತಿರುತ್ತದೆ. ಸಹಿ ಹಾಕಿದೆ.

ನವೆಂಬರ್ ೮, ಶನಿವಾರ

ಕಿಲೊಂಜೊನನ್ನು ನೋಡಲು ಅಪ್ಪರ್ ಹಿಲ್ ಆಸ್ಪತ್ರೆಗೆ ಹೋಗಿದ್ದೆ. ಇದು ಮೂರನೆಯ ಸಲ. ಚಪಾತಿ, ಹೆಸರುಕಾಳಿನ ಪಲ್ಯ ಒಯ್ದಿದ್ದೆ. ಅವನ ಹೆಂಡತಿ ಡಬ್ಬಿ ತೆಗೆದುಕೊಂಡು "ಅಸಾಂಟೆ, ಮಾಮಾ" ಎಂದು ಧನ್ಯವಾದ ಹೇಳಿದಳು. ಈ ಊರಿಗೆ ಬಂದ ಹೊಸದರಲ್ಲಿ ಹೆಂಗಸರನ್ನು ಅಮ್ಮ ಎಂಬ ಅರ್ಥದಲ್ಲಿ ಮಾಮಾ ಅನ್ನುವುದು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಆ ಹೆಂಗಸಿನ ಬಾಯಲ್ಲಿ ಕೇಳಿದರೆ ತಲೆ ತಗ್ಗುತ್ತದೆ.

ಕಿಲೊಂಜೊನ ಮುಂದೆ ಮತ್ತೆ ಎಲ್ಲ ಹೇಳಿದೆ. ಕುಂಕುಮ ಹೀಗೆ ಹಚ್ಚಿದೆ, ಅದು ಒಳಗಿಳಿಯಿತು, ಪೋಲೆ ಸಾನಾ, ಕ್ಷಮಿಸು. ಅವನು ಕಿಟಕಿಯ ಕಡೆ ನೋಡಿದ. ಹನ್ನೆರಡು ವರ್ಷ ಕಾಡಿನಲ್ಲಿ ನಡೆದವನಿಗೆ ಕಿಟಕಿಯಾಚೆ ಬ್ಯಾಂಕಿನ ಗಾಜಿನ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೊರಗೆ ಅವನ ಹೆಂಡತಿಯೇ ತಿಳಿಸಿದಳು. ಲಂಗಾಟಾದಲ್ಲಿ ಗೈಡ್‌ಗಳಿಗೆ ತರಬೇತಿ ಕೊಡುವ ಶಾಲೆಯವರು, ಒಂದೇ ಕಾಲಿದ್ದರೂ ಪಾಠ ಹೇಳಲು ಬಾ ಎಂದಿದ್ದಾರಂತೆ. ಆದರೆ ಸಮಿತಿ "ಗೈಡ್‌ನ ಅಜಾಗರೂಕತೆ" ಎಂದು ಬರೆದರೆ ಅವನ ಲೈಸೆನ್ಸ್ ಹೋಗುತ್ತದೆ, ಆ ಕೆಲಸವೂ ಹೋಗುತ್ತದೆ. ಸ್ವಚ್ಛ ಮಾಡೆಂದು ಗೈಡ್‌ಗೆ ಹೇಳಿದ್ದೆ ಎಂಬ ಸಾಲಿಗೆ ನಾನು ಹಾಕಿದ ಸಹಿ ನೆನಪಾಯಿತು. ಮನೆಗೆ ಬಂದು ಇವರಿಗೆ ಹೇಳಿದರೆ, "ಅದೆಲ್ಲ ಫಾರ್ಮಾಲಿಟಿ. ತಲೆ ಕೆಡಿಸ್ಕೋಬೇಡ" ಅಂದರು.

ಕ್ರಿಸ್‌ಮಸ್‌ಗೆ ನಾಲ್ಕು ಗುಂಪು ಬುಕ್ ಆಗಿದೆ. ಹೊಸ ಗೈಡ್ ಬರುತ್ತಾನೆ, ಹೊಸ ಕೋವಿ ಬೇಕು. ನಾನೇ ಆರಿಸುತ್ತೇನೆ ಎಂದೆ. ಇವರು ನಕ್ಕರು. ನಗಲಿ. ಎರಡನೆಯ ಗುಂಡು ಹಾರಿಯೇ ಹಾರುವ ಕೋವಿ ಯಾವುದೆಂದು ತಿಳಿದು, ನನ್ನ ಕೈಯಿಂದಲೇ ತರುತ್ತೇನೆ. ನನಗೆ ಬೇರೆ ಪ್ರಾಯಶ್ಚಿತ್ತ ಗೊತ್ತಿಲ್ಲ.

ನವೆಂಬರ್ ೧೧, ಮಂಗಳವಾರ

ಇವರ ಪರಿಚಯದ ಕಿಶನ್ ಎಂಬ ಕೋವಿ ಡೀಲರ್ ಬಳಿಗೆ ಹೋದೆ. ಕ್ಯಾಟಲಾಗಿನ ತುಂಬ ಸತ್ತ ಆನೆಯ ಮೇಲೆ ಕಾಲಿಟ್ಟ ಮೀಸೆ ಗಂಡಸರು. ಗಡಿ ದಾಟಿ ಟಾಂಜಾನಿಯಾಕ್ಕೆ ಬೇಟೆಗೆ ಹೋಗುವವರೇ ಅವನ ಗಿರಾಕಿಗಳು. ಐವತ್ತೆರಡು ವರ್ಷದ ಹೆಂಗಸು ಹತ್ತಿ ಸೀರೆಯಲ್ಲಿ ಬಂದು "ಕಾಡೆಮ್ಮೆ ನಿಲ್ಲಿಸುವಂಥದ್ದು ತೋರಿಸಿ" ಎಂದರೆ ಅವನಾದರೂ ಏನು ಮಾಡಿಯಾನು! ಮೊದಲು ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸುವ ಪಿಸ್ತೂಲು ತೋರಿಸಿದ. ಆಮೇಲೆ ಎಲ್ಲಕ್ಕಿಂತ ದೊಡ್ಡ ಕ್ಯಾಲಿಬರಿನ ಒಂದನ್ನು ಎತ್ತಿ ತಂದು, "ಮೇಡಂ, ಇದು ರೈಲನ್ನೂ ನಿಲ್ಲಿಸುತ್ತೆ" ಅಂದ. ರೈಲು ನಮ್ಮ ಮೇಲೆ ನುಗ್ಗುವ ಸಂಭವ ಕಡಿಮೆ ಎಂದೆ.

ತಿಳಿದದ್ದು ಇಷ್ಟು. ಮುನ್ನೂರ ಎಪ್ಪತ್ತೈದು ಕ್ಯಾಲಿಬರಿನದು ಹಗುರ, ಹೆಗಲಿಗೆ ಒದೆತ ಕಡಿಮೆ, ಕಾಡೆಮ್ಮೆಗೆ ಅಷ್ಟಕ್ಕಷ್ಟೆ. ನಾನೂರ ಐವತ್ತೆಂಟು ಎಂದರೆ ನಮ್ಮ ಹಳೆಯದ್ದೇ, ಹೊಡೆತ ಜೋರು, ಒದೆತ ಇನ್ನೂ ಜೋರು. ಎರಡರ ನಡುವೆ ನಾನೂರ ಹದಿನಾರು. ಜೋಡುನಳಿಗೆಯದು ಎಲ್ಲಕ್ಕಿಂತ ನಂಬಿಕಸ್ತ, ಎಳೆಯುವ ಬೋಲ್ಟೇ ಇಲ್ಲ, ಎರಡನೆಯ ಗುಂಡು ಇನ್ನೊಂದು ನಳಿಗೆಯಲ್ಲಿ ಕಾದು ಕೂತಿರುತ್ತದೆ. ಆದರೆ ಅದರ ಬೆಲೆಗೆ ಸೌತ್ ಬಿಯಲ್ಲಿ ಇನ್ನೊಂದು ಫ್ಲಾಟ್ ಬರುತ್ತದೆ.

ನವೆಂಬರ್ ೧೪, ಶುಕ್ರವಾರ

ಶೂಟಿಂಗ್ ರೇಂಜಿನವರು ಲಂಗಾಟಾದ ಜಾಯ್ಸನ್ ಪಿಂಟೊ ಹೆಸರು ಹೇಳಿದರು. ಕೋವಿ ರಿಪೇರಿಯಲ್ಲಿ ಅಪ್ಪನ ಕಾಲದಿಂದ ಪಳಗಿದ ಕೈಯಂತೆ, ಮಂಗಳೂರಿನ ಕಡೆಯವರು, ಕನ್ನಡವೂ ಬರುತ್ತದಂತೆ. ಸಂತೋಷದಿಂದ ಇವರಿಗೆ ಹೇಳಿದೆ.

"ಪಿಂಟೊ ಹತ್ರ ಹೋಗ್ಬೇಡ" ಅಂದರು, ತಟ್ಟೆಯಿಂದ ತಲೆ ಎತ್ತದೆ. "ಸುಮ್ನೆ ಟೈಮ್ ವೇಸ್ಟ್. ಬಾಯಿ ಜಾಸ್ತಿ ಅವನಿಗೆ."

ಇವರಿಗೆ ಪಿಂಟೊ ಪರಿಚಯವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನವೆಂಬರ್ ೧೯, ಬುಧವಾರ

ಪಿಂಟೊ ಹತ್ತಿರ ಹೋದೆ. ಇವರು ಬೇಡವೆಂದ ಸೀರೆ ಅಂಗಡಿಗೂ ಹೋದವಳಲ್ಲ ನಾನು, ಮಟಾಟು ವ್ಯಾನ್ ಹತ್ತಿ ಕೋವಿಯ ಅಂಗಡಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಅಲ್ಲಿಯೂ ನಾಚಿಕೆಯಿಂದ ಪೂರ್ತಿ ಹೆಸರು ಹೇಳಲಿಲ್ಲ. ಸಂಬಂಧಿಕರಿಗೊಂದು ಕೋವಿ ಬೇಕು, ಕಾಡಿನಲ್ಲಿ ಗೈಡ್ ಹೊರುವಂಥದ್ದು ಎಂದೆ.

ಮನೆಯ ಹಿಂದಿನ ಶೆಡ್ಡೇ ಅವರ ವರ್ಕ್‌ಶಾಪು. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಇವರು ಹೇಳಿದ ಜಾಸ್ತಿ ಬಾಯಿ ನನಗೆ ಕಾಣಲಿಲ್ಲ.

"ನೋಡಿ, ಎಲ್ಲರೂ ಬಂದು ಎಷ್ಟು ದೊಡ್ಡ ಗುಂಡು ಅಂತಲೇ ಕೇಳುದು. ದೊಡ್ಡ ಗುಂಡು ತಪ್ಪಿದರೆ ದೊಡ್ಡ ಶಬ್ದ, ಅಷ್ಟೆ. ಹೊರುವವನಿಗೆ ಅದರ ಹೆದರಿಕೆ ಇರಬಾರದು. ಒಂದು ಹೊಡೆದ ಕೂಡಲೇ ಇನ್ನೊಂದು ರೆಡಿ ಇರಬೇಕು. ಅದು ಮುಖ್ಯ."

"ರೆಡಿ ಇರುತ್ತೆ ಅಂತ ಹೇಗೆ ತಿಳಿಯೋದು?"

ಅವರು ಒಂದು ಬೋಲ್ಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದರ ಪಕ್ಕಕ್ಕೆ ಅಂಟಿಕೊಂಡು ಬೆರಳುದ್ದದ ಉಕ್ಕಿನ ಪಟ್ಟಿ, ತುದಿಯಲ್ಲಿ ಕೊಕ್ಕೆ. ತೋಟಾದ ಅಂಚನ್ನು ಹಿಡಿದು ಹೊರಗೆಳೆಯುವುದು ಆ ಕೊಕ್ಕೆಯೇ. ಅದು ಅಗಲವಾಗಿರಬೇಕು, ಸರಿಯಾದ ಉಕ್ಕಿನದಿರಬೇಕು, ಕಂಪನಿಯದೇ ಆಗಿರಬೇಕು. "ಇದೊಂದು ಗಟ್ಟಿ ಇದ್ದರೆ ಕೆಸರಿನಲ್ಲಿ ಬಿದ್ದ ತೋಟಾವನ್ನೂ ಎಳೆದು ಬಿಸಾಡ್ತದೆ" ಅಂದರು.

ಕೆಸರನ್ನೂ ಎಳೆಯುವ ಕೊಕ್ಕೆ ನನ್ನ ಕುಂಕುಮಕ್ಕೆ ಸೋತಿತೇ ಎಂದು ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಎಷ್ಟು ಹಚ್ಚಿರಬೇಕು ನಾನು!

ನವೆಂಬರ್ ೨೩, ಭಾನುವಾರ

ಪಿಂಟೊ ರೇಂಜಿಗೆ ಬಂದು ನನ್ನಿಂದ ಮೂರೂ ಬಗೆಯ ಕೋವಿ ಹೊಡೆಸಿದರು. ನಿಕಿತಾಳ ಜೀನ್ಸ್ ಪ್ಯಾಂಟ್ ಹಾಕಿಕೊಂಡು ಹೋಗಿದ್ದೆ. ಇವರು ಕಾರ್ಖಾನೆಗೆಂದು ಹೋಗಿದ್ದರು.

ಮುನ್ನೂರ ಎಪ್ಪತ್ತೈದು ಹೆಗಲಿಗೆ ಜೋರಾಗಿ ಗುದ್ದಿತು. ನಾನೂರ ಐವತ್ತೆಂಟು ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು, ಕಣ್ಣಲ್ಲಿ ನೀರು ಬಂತು. ಇದನ್ನೇ ಕಿಲೊಂಜೊ ಆರು ವರ್ಷ ಹೊತ್ತ. ನಾನೂರ ಹದಿನಾರರಲ್ಲಿ ಮೊದಲ ಎರಡು ಎಲ್ಲಿಗೋ ಹೋದವು. ಮೂರನೆಯದು ಹಲಗೆಯ ಮೇಲೆ ಬರೆದ ಕೋಣನ ಎದೆಗೆ ನಟ್ಟಿತು. "ಸವಾ?" ಸರಿಯಿದೆಯಾ ಎಂದು ರೇಂಜಿನವನು ಕೇಳಿದ. "ಸವಾ, ಸವಾ" ಎಂದೆ. ಬೋಲ್ಟ್ ಎಳೆದೆ, ಖಾಲಿ ತೋಟಾ ಟಣ್ಣನೆ ಹಾರಿ ಬಿತ್ತು, ಮತ್ತೆ ಹೊಡೆದೆ. ಮೊದಲನೆಯದರಿಂದ ಒಂದು ಗೇಣು ಪಕ್ಕಕ್ಕೆ.

ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಯಿತು.

ನವೆಂಬರ್ ೨೪, ಸೋಮವಾರ

ಕೈ ಎತ್ತಲಾಗುತ್ತಿಲ್ಲ. ನಿಕಿತಾ ತಲೆ ಬಾಚಿ ಕೊಟ್ಟಳು. ಹೆಗಲ ಮೇಲಿನ ನೀಲಿ ನೋಡಿ, "ಅಮ್ಮಾ, ವಾಟ್ ಈಸ್ ದಿಸ್?" ಎಂದು ಕಿರುಚಿದಳು. ಬಚ್ಚಲಲ್ಲಿ ಜಾರಿದೆ ಎಂದೆ.

ಇವರು ಕೇಳಲಿಲ್ಲ. ನೋಡಿಲ್ಲವೇನೋ.

ನವೆಂಬರ್ ೨೮, ಶುಕ್ರವಾರ

ಆಸ್ಪತ್ರೆ. ಕಿಲೊಂಜೊ ಇವತ್ತು ಎದ್ದು ಕೂತಿದ್ದ. ನಾನು ಕೂತ ಕೂಡಲೇ ತಾನಾಗಿಯೇ ಬಾಯಿ ತೆರೆದ. "ಮಾಮಾ, ಆ ಬಂದೂಕು..." ಎಂದ. ಅಷ್ಟಕ್ಕೇ ನನಗೆ ಅಳು ಒತ್ತರಿಸಿ ಬಂತು. "ಹೇಳಬೇಡ, ನನಗೆ ಗೊತ್ತು, ಎಲ್ಲ ನನ್ನ ಕುಂಕುಮದಿಂದಲೇ ಆದದ್ದು" ಎಂದು ಅವನ ಕೈ ಹಿಡಿದುಕೊಂಡು ಅತ್ತೆ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡ. ಅವನಿಗೂ ನೋವಾಗಿರಬೇಕು.

ಅವನ ಹೆಂಡತಿ ಚಪಾತಿಯ ಡಬ್ಬಿಯನ್ನು ತೆರೆಯದೆ ನನ್ನ ಚೀಲಕ್ಕೇ ವಾಪಸ್ ಇಟ್ಟಳು. ಆಸ್ಪತ್ರೆಯ ಊಟ ಆಗಿತ್ತೇನೋ.

ಡಿಸೆಂಬರ್ ೨, ಮಂಗಳವಾರ

ಇವತ್ತು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಾನೂರ ಹದಿನಾರನ್ನೇ ತೆಗೆದುಕೊಳ್ಳುವುದೆಂದು ತೀರ್ಮಾನಿಸಿ ಪಿಂಟೊ ಬಳಿಗೆ ಹೋದೆ. ಅರ್ಜಿಯಲ್ಲಿ ಕಂಪನಿಯ ಹೆಸರು, ಹಳೆಯ ಕೋವಿಯ ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂಬುದು ಬರೆಯಬೇಕಿತ್ತು. ಇನ್ನು ಮುಚ್ಚಿಡುವಂತಿರಲಿಲ್ಲ. ಬರೆದು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಉಮಾಶಂಕರರ ಮಿಸೆಸ್ಸಾ? ಮೊದಲೇ ಹೇಳಬಾರದಾ ಮಾರಾಯ್ರೆ. ನನ್ನ ರಿಪೋರ್ಟ್ ಓದಿಯೇ ಬಂದದ್ದಲ್ವಾ ನೀವು?"

"ಯಾವ ರಿಪೋರ್ಟು?"

ಅವರು ನನ್ನ ಮುಖವನ್ನೇ ನೋಡಿದರು. ನಾನು ಕುಂಕುಮದ ಕಥೆ ಹೇಳಿದೆ. ಎಷ್ಟು ಸಲ ಹೇಳಿದ್ದೇನೋ, ಬಾಯಿಗೆ ತಾನಾಗಿ ಬರುತ್ತದೆ.

"ಎಂತ ಕುಂಕುಮ?" ಅಂದರು. "ಒಂದನೇ ತಾರೀಕಿಗೆ ಹಚ್ಚಿದ್ದು ಇಪ್ಪತ್ತೈದರ ತನಕ ಇರ್ತದಾ? ನಿಮ್ಮ ಗೈಡ್ ದಿನಾ ಎಣ್ಣೆ ಹಾಕಿ ಒರೆಸ್ತಿದ್ದ ಜನ. ತೋಟಾ ಕೂರುವ ಚೇಂಬರ್ ಕನ್ನಡಿಯ ಹಾಗೆ ಕ್ಲೀನ್ ಉಂಟು. ಮುರಿದದ್ದು ಕೊಕ್ಕೆ. ಅದು ಕಂಪನಿ ಕೊಕ್ಕೆ ಅಲ್ಲ, ಯಾರೋ ಮಾಡಿ ಕೂರಿಸಿದ್ದು. ಉಕ್ಕು ಹದ ಮಾಡಿದ್ದು ಸರಿ ಇಲ್ಲ, ಬಿಸ್ಕತ್ತಿನ ಹಾಗೆ ಮುರಿದಿದೆ. ಅಕ್ಟೋಬರ್ ಮೂವತ್ತಕ್ಕೇ ಬರೆದು ಕೊಟ್ಟಿದ್ದೇನೆ, ಕೋವಿ ಪರೀಕ್ಷೆಗೆ ತಂದ ನಿಮ್ಮ ಯಜಮಾನ್ರಿಗೆ. ಅವರೇ ಬಂದು ಸೈನ್ ಮಾಡಿ ತಕೊಂಡು ಹೋದ್ರು."

ಫೈಲಿನಿಂದ ನಕಲು ತೆಗೆದು ತೋರಿಸಿದರು. ಕೆಳಗೆ ಇವರ ಸಹಿ, ಅಡಿಯಲ್ಲಿ ಎರಡು ಗೆರೆ ಎಳೆಯುವ ಅದೇ ಸಹಿ. ಒಂದು ಲಕೋಟೆಯಿಂದ ಮುರಿದ ಕೊಕ್ಕೆಯನ್ನು ನನ್ನ ಕೈಗೆ ಸುರಿದರು.

ಅದನ್ನು ನಾನು ಮೊದಲೇ ನೋಡಿದ್ದೆ. ಜುಲೈನ ಒಂದು ಸಂಜೆ ಇವರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಡುಗೆ ಮನೆಗೇ ಬಂದಿದ್ದರು. "ಇಂಗ್ಲೆಂಡಿಂದ ಬರಕ್ಕೆ ಎರಡು ತಿಂಗಳಂತೆ. ನಮ್ಮ ವರ್ಕ್‌ಶಾಪಲ್ಲಿ ಎರಡೇ ಗಂಟೇಲಿ ಮಾಡ್ದೆ ನೋಡು." ಮಾತ್ರೆ ಒತ್ತುವ ಯಂತ್ರದ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು. ಇವರು ಹಾಗೆಯೇ, ಮಿಕ್ಸಿ ಕೆಟ್ಟರೂ, ಇಸ್ತ್ರಿಪೆಟ್ಟಿಗೆ ಕೆಟ್ಟರೂ ಹೊರಗೆ ಕೊಟ್ಟರೆ ಮರ್ಯಾದೆ ಹೋಯಿತು ಎನ್ನುವವರು. ನಾನು ಏನೆಂದೆ ಗೊತ್ತೆ? "ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು ರೀ" ಎಂದೆ.

ಅಕ್ಟೋಬರ್ ಮೂವತ್ತರಂದು ಇವರಿಗೆ ಎಲ್ಲ ತಿಳಿದಿತ್ತು. "ಭಕ್ತಿಯಿಂದ ಮಾಡಿದ್ದು" ಎಂದು ನನಗೆ ಹೇಳಿದ್ದು ನವೆಂಬರ್ ಒಂದಕ್ಕೆ.

ಡಿಸೆಂಬರ್ ೩, ಬುಧವಾರ

ಅನ್ನ ಮಾಡಿದೆ. ಸಾರು ಮಾಡಿದೆ. ಬಡಿಸಿದೆ.

ಡಿಸೆಂಬರ್ ೫, ಶುಕ್ರವಾರ

ನಿಕಿತಾ ಗೆಳತಿಯ ಮನೆಗೆ ಹೋದ ಮೇಲೆ, ಪಿಂಟೊರಿಂದ ಕೇಳಿ ತಂದ ಕೊಕ್ಕೆಯನ್ನು ಊಟದ ಮೇಜಿನ ಮೇಲಿಟ್ಟೆ. ಉಮಾಶಂಕರ್‌ಗೆ ಅದನ್ನು ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಪಿಂಟೊ ಹತ್ರ ಹೋಗ್ಬೇಡ ಅಂದಿದ್ನಲ್ಲ" ಎಂದರು. ಅದು ಅವರ ಮೊದಲ ಮಾತು.

 ಅವರೇ ಮುಂದುವರಿಸಿದರು. "ನೋಡು, ಸಮಾಧಾನವಾಗಿ ಕೇಳು. ನಾನು ಮಾಡಿದ ಪಾರ್ಟ್ ಮುರೀತು ಅಂತಾದ್ರೆ ಪೊಲೀಸ್ ಕೇಸು. ಕೆಲಸ ಹೋಗುತ್ತೆ, ವರ್ಕ್ ಪರ್ಮಿಟ್ ಹೋಗುತ್ತೆ, ನಿಕಿತಾ ಓದು ಅರ್ಧಕ್ಕೆ ನಿಲ್ಲುತ್ತೆ. ನಿನಗೇನಾಗುತ್ತೆ ಹೇಳು? ಹೆಂಗಸು, ಪೂಜೆ ಮಾಡ್ದೆ. ಯಾರಾದ್ರೂ ಜೈಲಿಗೆ ಹಾಕ್ತಾರಾ?"

"ಕಿಲೊಂಜೊಗೆ?"

"ಅವನಿಗೆ ಕಾಲೇ ಇಲ್ಲ. ಇನ್ನು ಲೈಸೆನ್ಸ್ ಇಟ್ಕೊಂಡು ಏನ್ಮಾಡ್ತಾನೆ?"

ಈ ಮನುಷ್ಯನ ಜೊತೆ ಇಪ್ಪತ್ತಾರು ವರ್ಷ ಉಂಡಿದ್ದೇನೆ. ಅಂಥ ಮಾತು ಅಷ್ಟು ಸಲೀಸಾಗಿ ಆ ಬಾಯಿಂದ ಬರುತ್ತದೆಂದು ತಿಳಿದಿರಲಿಲ್ಲ. ಪೂಜೆಗೆ ಕೋವಿ ತಂದವರೂ ಅವರೇ, ಹಚ್ಚು ಎಂದವರೂ ಅವರೇ. ಮನೆಯಲ್ಲಿ ಇದ್ದದ್ದರಲ್ಲೆಲ್ಲ ಅಗ್ಗವಾಗಿ ಕಂಡದ್ದು ನನ್ನ ಭಕ್ತಿ, ಅದನ್ನು ಎತ್ತಿ ಮುಂದೆ ಹಿಡಿದರು.

"ನಾನು ದಿನಾ ಅಳ್ತಿದ್ದೆ" ಎಂದೆ. "ಗೊತ್ತಾಗಲಿಲ್ವಾ ನಿಮಗೆ?"

"ಗೊತ್ತಾಗ್ದೆ ಇರುತ್ತಾ? ನೋಡ್ತಿದ್ದೆ. ನನಗೂ ಬೇಜಾರಾಗ್ತಿತ್ತು."

ನೋಡುತ್ತಿದ್ದರಂತೆ! ತಿಳಿಯಲಿಲ್ಲ ಎಂದಿದ್ದರೆ ಎಲ್ಲೋ ಒಂದು ಕಡೆ ಕ್ಷಮಿಸುವ ದಾರಿ ಹುಡುಕುತ್ತಿದ್ದೆ. ಪಕ್ಕದಲ್ಲಿ ಕೂತು ನೋಡುತ್ತ, ಬೇಜಾರು ಪಡುತ್ತ, ಇನ್ನೊಂದು ತುತ್ತು ಅನ್ನ ಕಲಸಿಕೊಳ್ಳುತ್ತಿದ್ದರು. ಮೋಸ ಎಂಬ ಮಾತನ್ನು ಇಷ್ಟು ವರ್ಷ ಬೇರೆಯವರ ಮನೆಯ ಸುದ್ದಿಗೆ ಬಳಸುತ್ತಿದ್ದೆ.

ಡಿಸೆಂಬರ್ ೮, ಸೋಮವಾರ

ಹೇಳಿಕೆ ಹಿಂದಕ್ಕೆ ಪಡೆಯುತ್ತೇನೆ ಎಂದು ಉಮಾಶಂಕರ್‌ಗೆ ಹೇಳಿದೆ. ಮೊದಲು ಕೂಗಾಡಿದರು. ಆಮೇಲೆ ಮೈಸೂರಿನಲ್ಲಿರುವ ನನ್ನ ಅಣ್ಣನಿಗೆ ಫೋನ್ ಮಾಡಿ, ಇವಳಿಗೆ ತಲೆ ಕೆಟ್ಟಿದೆ, ಸಂಸಾರ ಬೀದಿಗೆ ತರುತ್ತಿದ್ದಾಳೆ ಎಂದರು. ಅಣ್ಣ ನನಗೆ ಬುದ್ಧಿ ಹೇಳಿದ. ಆಮೇಲೆ ಅವರು ಅತ್ತರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ನನಗೂ ಬೇಜಾರಾಯಿತು.

ನಿಕಿತಾಳಿಗೆ ಎಲ್ಲ ಹೇಳಿದೆ. ಕಾಲೇಜು ನಿಲ್ಲಬಹುದು, ಭಾರತಕ್ಕೆ ವಾಪಸ್ ಹೋಗಬೇಕಾಗಬಹುದು ಎಂದೂ ಹೇಳಿದೆ. ಅವಳು "ಡು ಇಟ್, ಅಮ್ಮ" ಎಂದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಅಳು ನನಗೆ ಕೇಳಿಸಿತು.

ಕ್ರಿಸ್‌ಮಸ್ ಬುಕಿಂಗ್ ನಾಲ್ಕನ್ನೂ ರದ್ದು ಮಾಡಿದೆ. ಪಿಂಟೊಗೆ ಫೋನ್ ಮಾಡಿ, ಅರ್ಜಿ ಕಳಿಸಬೇಡಿ ಎಂದೆ. ಆರಿಸಿದ ಕೋವಿಯಲ್ಲಿ ತಪ್ಪಿಲ್ಲ, ಈಗಲೂ ಕೇಳಿದರೆ ಅಗಲವಾದ ಕೊಕ್ಕೆಯ ಆ ನಾನೂರ ಹದಿನಾರನ್ನೇ ಹೇಳುತ್ತೇನೆ. ಆದರೆ ಈ ಕಂಪನಿಯ ಹೆಸರಿನಲ್ಲಿ ಅದನ್ನು ಇನ್ನೊಬ್ಬ ಗೈಡ್‌ನ ಹೆಗಲಿಗೆ ಹಾಕಲಾರೆ. ಬುಧವಾರ ತಾನೂ ಬರುತ್ತೇನೆಂದು ಪಿಂಟೊ ಹೇಳಿದರು.

ಡಿಸೆಂಬರ್ ೧೦, ಬುಧವಾರ

ನಾನು ಮಟಾಟುವಿನಲ್ಲಿ ಹೋದೆ. ಉಮಾಶಂಕರ್ ಕಾರಿನಲ್ಲಿ ಮೊದಲೇ ಬಂದಿದ್ದರು, ಮದುವೆಗೆ ಹೋಗುವ ಕೋಟು ಹಾಕಿಕೊಂಡು.

ಸಣ್ಣ ಕೋಣೆ. ಮೇಜಿನ ಆಚೆ ಮೂವರು, ನಡುವೆ ಬಿಳಿ ಕೂದಲಿನ ಒಬ್ಬ ಹೆಂಗಸು ಅಧ್ಯಕ್ಷೆ. ಕಿಲೊಂಜೊ ಊರುಗೋಲುಗಳನ್ನು ಗೋಡೆಗೊರಗಿಸಿ ಹೆಂಡತಿಯ ಜೊತೆ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಅವರ ಹೇಳಿಕೆಯನ್ನು ಮೊದಲು ಓದಿದರು: ಬೋಲ್ಟ್ ಎಳೆದಾಗ ಕೊಕ್ಕೆ ಮುರಿದು ಕಾಲ ಬಳಿ ಬಿತ್ತು. ಉಮಾಶಂಕರ್ ಎದ್ದು, ಅದು ಮುರಿದದ್ದು ಆಮೇಲೆ, ಕೋಣ ಕೋವಿಯನ್ನು ತುಳಿದಾಗ ಎಂದರು. ನನ್ನ ಹೇಳಿಕೆಯನ್ನು ಮುಂದಿಟ್ಟರು. ಅಧ್ಯಕ್ಷೆ ಓದಿ ನನ್ನ ಕಡೆ ತಿರುಗಿದರು.

"ಇದು ನಿಮ್ಮ ಸಹಿಯೇ?"

"ಸಹಿ ನನ್ನದು" ಎಂದೆ. "ಕೊನೆಯ ಸಾಲು ಸುಳ್ಳು. ಗೈಡ್‌ಗೆ ನಾನು ಏನೂ ಹೇಳಿರಲಿಲ್ಲ. ಕೋವಿ ಕೆಟ್ಟದ್ದು ಕುಂಕುಮದಿಂದಲ್ಲ."

ಪಿಂಟೊ ವರದಿಯ ನಕಲನ್ನು ಮೇಜಿನ ಮೇಲಿಟ್ಟರು, ನಾನು ಕೊಕ್ಕೆಯನ್ನಿಟ್ಟೆ. ಅದನ್ನು ಯಾರು ಮಾಡಿದ್ದು ಎಂದು ಅಧ್ಯಕ್ಷೆ ಕೇಳಿದರು. ನನ್ನ ಗಂಡ ಎಂದೆ. ಯಾವಾಗ, ಎಲ್ಲಿ, ಯಾತರಿಂದ ಎಂಬುದನ್ನೂ ಹೇಳಿದೆ.  ಅರ್ಧ ಗಂಟೆಯಲ್ಲಿ ಗೈಡ್‌ನ ತಪ್ಪಿಲ್ಲವೆಂದು ಬರೆದರು. ಉಳಿದದ್ದು ಪೊಲೀಸರಿಗೆ ಹೋಗುತ್ತದಂತೆ.

ಹೊರಗಿನ ಪಡಸಾಲೆಯಲ್ಲಿ ಕಿಲೊಂಜೊ ಬೆಂಚಿನ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಧನ್ಯವಾದ ಹೇಳುತ್ತಾರೆಂದು ಕಾದೆನೋ ಏನೋ, ಸುಳ್ಳೇಕೆ ಹೇಳಲಿ, ಕಾದೆ.

"ಮಾಮಾ, ನೀವು ಆಸ್ಪತ್ರೆಗೆ ಎಂಟು ಸಲ ಬಂದಿರಿ" ಎಂದರು. "ಎಂಟು ಸಲವೂ ಅದೇ ಕುಂಕುಮದ ಮಾತು. ಬಾಸ್ ಕಳಿಸಿದ್ದಾರೆ, ಸಮಿತಿಯ ಮುಂದೆ ನಾನೂ ಹಾಗೇ ಹೇಳಲಿ ಅಂತ ಬಾಯಿಪಾಠ ಮಾಡಿಸುತ್ತಿದ್ದಾರೆ ಅಂತ ನಾನೂ ನನ್ನ ಹೆಂಡತಿಯೂ ತಿಳಿದುಕೊಂಡಿದ್ದೆವು. ನೀವು ಅಳುವಾಗ, ಇಷ್ಟು ಚೆನ್ನಾಗಿ ಅಳಲು ಬರುತ್ತದಲ್ಲ ಅಂದುಕೊಳ್ಳುತ್ತಿದ್ದೆ."

"ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಕಿಲೊಂಜೊ."

"ಇವತ್ತು ನಂಬಿದೆ" ಎಂದರು. "ಆದರೆ ಕೊಕ್ಕೆ ಮುರಿದದ್ದು ನನಗೆ ಆವತ್ತೇ ಗೊತ್ತಿತ್ತು. ನನ್ನ ಕಾಲ ಬಳಿಯೇ ಬಿದ್ದಿತ್ತು. ಬಾಸ್‌ಗೆ ಹೇಳಿದೆ. ನೀವು ಕೇಳಿದ್ದರೆ ನಿಮಗೂ ಹೇಳುತ್ತಿದ್ದೆ. ಎಂಟು ಸಲ ಬಂದಿರಿ, ಊಟ ತಂದಿರಿ, ಕ್ಷಮೆ ಕೇಳಿದಿರಿ. ಏನಾಯಿತು ಅಂತ ಒಂದು ಸಲವೂ ಕೇಳಲಿಲ್ಲ."

 ನಲವತ್ತು ದಿನ ಕೋವಿಯ ಬಗ್ಗೆ ಡೀಲರನ್ನು ಕೇಳಿದೆ, ಪಿಂಟೊರನ್ನು ಕೇಳಿದೆ, ಗಂಡನನ್ನು ಕೇಳಿದೆ. ಅದನ್ನು ಆರು ವರ್ಷ ಹೊತ್ತವರ ಪಕ್ಕದಲ್ಲಿ ಕೂತು ನನ್ನದೇ ದುಃಖ ಹೇಳಿಕೊಂಡು ಎದ್ದು ಬಂದೆ. ಅವರು ಬಾಯಿ ತೆರೆದ ದಿನ ಹೇಳಬೇಡ ಎಂದವಳೂ ನಾನೇ. ನನಗೆ ಮೋಸವಾಯಿತು ಎಂದು ಎಂಟು ದಿನದಿಂದ ಉರಿಯುತ್ತಿದ್ದೆ. ಅವರಿಗೆ ನಾನು ಮಾಡಿದ್ದಕ್ಕೆ ಏನೆನ್ನಬೇಕು?

ಅವರ ಹೆಂಡತಿ ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿದಳು. ಕೂತೆ. "ಹೇಳಿ, ಆವತ್ತು ಏನಾಯಿತು?" ಎಂದು ಕೇಳಿದೆ. ಕಿಲೊಂಜೊ ಊರುಗೋಲನ್ನು ಪಕ್ಕಕ್ಕಿಟ್ಟು, ಬೆಳಿಗ್ಗೆ ಕ್ಯಾಂಪಿನಿಂದ ಹೊರಟಲ್ಲಿಂದ ಶುರು ಮಾಡಿದರು. ಹೊರಗೆ ಉಮಾಶಂಕರ್ ಕಾರು ಸ್ಟಾರ್ಟ್ ಮಾಡಿ ಎರಡು ಸಲ ಹಾರ್ನ್ ಹೊಡೆದರು. ನಾನು ಏಳಲಿಲ್ಲ.